ಕಾದ ಮೈಗೆ ತಣ್ಣೀರು

ಮಹಾನಂದಾ ಕಟ್ಟಿದ ಅಂಗಿಗೆ ಜೇಬಿರಲಿಲ್ಲ, ಕಾಲರಿರಲಿಲ್ಲ, ಆದರೆ ನೆನಪಿತ್ತು. ತೊಟ್ಟವನ ಮೈ ಯಾವಾಗ ಬೆವರುತ್ತದೆ, ಯಾವಾಗ ನಡುಗುತ್ತದೆ, ಎಷ್ಟು ತಂಪಾದರೆ ಅವನಿಗೆ ಹಾಯೆನಿಸುತ್ತದೆ ಎಂಬುದನ್ನೆಲ್ಲ ಅದು ನೋಡಿ ನೋಡಿ ಕಲಿಯುತ್ತಿತ್ತು. ಬಾಹ್ಯಾಕಾಶ ಕೇಂದ್ರದ ಕಡತಗಳಲ್ಲಿ ಅದಕ್ಕೆ ಉದ್ದನೆಯ ಸರ್ಕಾರಿ ಹೆಸರೊಂದಿತ್ತು. ಅದನ್ನು ಪೂರ್ತಿ ಹೇಳುವಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿಹೋಗುತ್ತದೆಂದು ಎಲ್ಲರೂ ಬರೀ ‘ಅಂಗಿ’ ಎನ್ನುತ್ತಿದ್ದರು.

ಬಾಹ್ಯಾಕಾಶವೆಂದರೆ ಮೈ ಕೊರೆಯುವ ಚಳಿ ಎಂದು ನಂಬಿದವರೇ ಹೆಚ್ಚು. ಕೇಂದ್ರ ನೋಡಲು ಬಂದ ದೊಡ್ಡ ಮನುಷ್ಯರೆಲ್ಲ ಅಂಗಿಯನ್ನು ಮುಟ್ಟಿ, “ಒಳಗೆ ಹೀಟರ್ ಇದೆಯಾ ಮೇಡಂ?” ಎಂದೇ ಕೇಳುತ್ತಿದ್ದರು. ಮಹಾನಂದಾ ಅವರೆದುರು ತನ್ನ ಫ್ಲಾಸ್ಕ್ ಇಡುತ್ತಿದ್ದಳು. ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಗಾಳಿ ಇಲ್ಲ, ಅದಕ್ಕೇ ಚಹಾದ ಬಿಸಿ ಹೊರಗೆ ಹೋಗಲಾರದು. ಅಲ್ಲಿ ಮೇಲೆ ಮನುಷ್ಯನೇ ಆ ಚಹಾ. ಬೀಸುವ ಗಾಳಿಯಿಲ್ಲ, ಬೆವರು ಆರುವುದಿಲ್ಲ. ದುಡಿಯುವ ಮೈ ಮಾತ್ರ ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ಆ ಬಿಸಿಗೆ ಯಾರಾದರೂ ದಾರಿ ಮಾಡಿಕೊಡದಿದ್ದರೆ ಮನುಷ್ಯ ತನ್ನ ಬಿಸಿಯಲ್ಲಿ ತಾನೇ ಬೇಯುತ್ತಾನೆ. ಇಷ್ಟು ಕೇಳಿದ ಮೇಲೆ ದೊಡ್ಡ ಮನುಷ್ಯರು ಅಂಗಿಯ ಮೇಲಿಂದ ಮೆಲ್ಲಗೆ ಕೈ ತೆಗೆಯುತ್ತಿದ್ದರು.

ಬಿಸಿ ಹೊರಗೆ ಹೋಗುವ ಆ ದಾರಿ ನೀರಿನದು. ಮೈಗಂಟಿದ ಒಳ ಅಂಗಿಯ ತುಂಬ ಶಾವಿಗೆ ಎಳೆಯಂಥ ಕೊಳವೆಗಳು. ಅವುಗಳಲ್ಲಿ ಹರಿಯುವ ನೀರು ಮೈಯ ಬಿಸಿಯನ್ನು ಹೀರಿ ಬೆನ್ನ ಮೇಲಿನ ಪೆಟ್ಟಿಗೆಗೆ ಒಯ್ಯುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಲೋಹದ ತಟ್ಟೆಯೊಂದಿದೆ. ಆ ರಂಧ್ರಗಳಿಗೆ ಬೇರೆಯೇ ನೀರು ಜಿನುಗಿ, ಆಚೆಯ ನಿರ್ವಾತ ತಗುಲಿದೊಡನೆ ಮಂಜುಗಡ್ಡೆಯಾಗುತ್ತದೆ. ಆ ಮಂಜು ಕರಗುವುದಿಲ್ಲ, ನೇರವಾಗಿ ಆವಿಯಾಗಿ ಹಾರಿಹೋಗುತ್ತದೆ, ಹಾರುವಾಗ ಬಿಸಿಯನ್ನೂ ಕಟ್ಟಿಕೊಂಡು ಹೋಗುತ್ತದೆ. ಕೊಳವೆಯ ನೀರು ಎಷ್ಟು ಆ ತಟ್ಟೆಯ ಕಡೆ ಹೋಗಬೇಕೆಂದು ಒಂದು ಕವಾಟ ತೀರ್ಮಾನಿಸುತ್ತದೆ. ಹಳೆಯ ಅಂಗಿಗಳಲ್ಲಿ ಎದೆಯ ಮೇಲಿನ ನಾಬ್ ತಿರುಗಿಸಿ ಅದನ್ನು ಹಿಡಿತದಲ್ಲಿಡಬೇಕಿತ್ತು. ಹೊಸ ಅಂಗಿಯಲ್ಲಿ ನಾಬ್ ಹಾಗೇ ಉಳಿದಿತ್ತು, ಆದರೆ ಕವಾಟ ತಾನಾಗಿಯೇ ತಿರುಗುತ್ತಿತ್ತು. ತರಬೇತಿಯ ಉದ್ದಕ್ಕೂ ತೊಟ್ಟವನ ಕೈ ನಾಬನ್ನು ಯಾವಾಗ, ಯಾವ ಕಡೆ ತಿರುಗಿಸಿತೆಂದು ನೋಡಿಕೊಂಡು ಅಂಗಿ ಅವನ ಅಭ್ಯಾಸವನ್ನೆಲ್ಲ ಕಲಿತಿತ್ತು.

ಅಂಗಿ ಮೈಮೇಲಿರುವಾಗ ಭೂಮಿಯಿಂದ ಆ ಕವಾಟವನ್ನು ತಿರುಗಿಸುವ, ಅಂಗಿ ಕಲಿತದ್ದನ್ನು ಅಳಿಸುವ ಏರ್ಪಾಡು ಇರಲಿಲ್ಲ. ದಾರಿತಪ್ಪಿದ ಒಂದು ಸಂಕೇತ ಬಂದು ಮನುಷ್ಯನನ್ನು ಹೆಪ್ಪುಗಟ್ಟಿಸಿದರೆ ಯಾರು ಹೊಣೆ? ತೊಟ್ಟವನ ಮೈ, ತೊಟ್ಟವನದೇ ಕೊನೆಯ ಮಾತು ಎಂದು ಸಭೆಯಲ್ಲಿ ಮೇಜು ಗುದ್ದಿ ವಾದಿಸಿ ಗೆದ್ದವಳು ಮಹಾನಂದಾಳೇ. ತೊಟ್ಟವನು ಅವಳ ಸ್ವಂತ ತಮ್ಮ ರೇವಣಸಿದ್ಧ.

ಅವನು ಬಾಹ್ಯಾಕಾಶ ನಿಲ್ದಾಣದಿಂದ ಹೊರಗಿಳಿಯುವ ಹಿಂದಿನ ದಿನ ಮಹಾನಂದಾ ಮಧ್ಯಾಹ್ನದ ಊಟಕ್ಕೆ ಕ್ವಾರ್ಟರ್ಸಿಗೆ ನಡೆದೇ ಹೋದಳು. ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಬಂದವಳೇ ಫ್ರಿಜ್ಜಿಗೆ ಕೈ ಹಾಕಿದಳು.

“ಕೈ ತಗಿ!” ಅಡುಗೆಮನೆಯಿಂದ ಅವ್ವ ಚಂದಮ್ಮನ ದನಿ ಬಂತು. “ಕಾದ ಮೈ ಅದ. ಮದಲ ಕುಂದ್ರು. ಮೈ ಆರ್ಲಿ.”

“ಅವ್ವಾ, ನಾ ಇದರಾಗೇ ಪಿಎಚ್‌ಡಿ ಮಾಡೀನಿ.”

“ಮಾಡು, ಯಾರು ಬ್ಯಾಡಂದಾರ? ಕುಂತು ಮಾಡು.”

ಮಹಾನಂದಾ ನಗುತ್ತ ಕೂತಳು. ಅವ್ವ ಒಂದು ಚೂರು ಬೆಲ್ಲ ಕೊಟ್ಟು, ಬೆವರು ಆರುವ ತನಕ ಕಾಯಿಸಿ, ಆಮೇಲೆ ತಂಪಲ್ಲದ ನೀರು ಕೊಟ್ಟಳು. ಅವರ ಹುಟ್ಟೂರಾದ ಸೇಡಂ ಕಡೆಯ ಮನೆಗಳಲ್ಲಿ ಇದು ಹೊಸದೇನಲ್ಲ. ಬಿಸಿಲಿನಿಂದ ಬಂದವರು ದಣಿವಾರಿಸಿಕೊಳ್ಳದೆ ತಣ್ಣೀರು ಮುಟ್ಟಬಾರದು. ಆದರೆ ಚಂದಮ್ಮನ ಮನೆಯಲ್ಲಿ ಅದು ಬರೀ ರೂಢಿಯಲ್ಲ, ಹೆದರಿಕೆ.

ಅವಳ ಗಂಡ ಮಲ್ಕಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಇಂಥದ್ದೇ ಒಂದು ಮೇ ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು, ಏನೇನೋ ಬಡಬಡಿಸುತ್ತ ಮನೆಗೆ ಬಂದು ಅಂಗಳದಲ್ಲಿ ಬಿದ್ದ. ಮೈ ಹೆಂಚಿನಂತೆ ಕಾದಿತ್ತು. ಚಂದಮ್ಮ ಹಿಂದೆ ಮುಂದೆ ನೋಡದೆ ಒಂದು ಕೊಡ ತಣ್ಣೀರು ತಂದು ಮೈಮೇಲೆ ಸುರಿದಳು. ಅವನು ಗಡಗಡ ನಡುಗಿದ. ಎರಡನೇ ಕೊಡ ಎತ್ತುವಷ್ಟರಲ್ಲಿ ಓಣಿಯವರೆಲ್ಲ ಬಂದು ಕೈ ಹಿಡಿದರು. ಕಾದ ಮೈಗೆ ತಣ್ಣೀರು ಹಾಕಿ ಕೊಲ್ತೀಯೇನು ಎಂದು ಬೈದು, ಅವನನ್ನು ಒಳಗೆ ಒಯ್ದು ಕೌದಿ ಹೊದಿಸಿದರು. ಸಂಜೆಯೊಳಗೆ ಮಲ್ಕಪ್ಪ ಹೋಗಿಬಿಟ್ಟ. ಆ ಒಂದು ಕೊಡ ನೀರೇ ಅವನನ್ನು ಕೊಂದಿತು ಎಂದು ಊರು ತೀರ್ಮಾನಿಸಿತು. ಚಂದಮ್ಮನೂ ಹಾಗೇ ನಂಬಿದಳು. ಮಕ್ಕಳಿಬ್ಬರನ್ನೂ ಆ ನಂಬಿಕೆಯಲ್ಲೇ ಬೆಳೆಸಿದಳು.

ಅಪ್ಪನಿಗೆ ಬಿಸಿಲಿನ ಝಳ ಬಡಿದಿತ್ತು, ಆ ನೀರೊಂದೇ ಅವನಿಗೆ ಮದ್ದಾಗಿತ್ತು, ಅವನನ್ನು ಮುಗಿಸಿದ್ದು ಕೌದಿ ಎಂದು ಮಹಾನಂದಾಳಿಗೆ ಓದುವಾಗಲೇ ತಿಳಿದಿತ್ತು. ಆದರೂ ಅವ್ವನಿಗೆ ಹೇಳಲಿಲ್ಲ. ಒಂದು ಕೊಡ ಹಾಕಿದ್ದಕ್ಕೆ ಸತ್ತ ಎಂಬ ಸಂಕಟ ತೆಗೆದು, ಇನ್ನಷ್ಟು ಹಾಕದ್ದಕ್ಕೆ ಸತ್ತ ಎಂಬ ಸಂಕಟವನ್ನು ಆ ಜಾಗದಲ್ಲಿ ಇಡುವುದೇ? ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎನಿಸಿತ್ತು.

ಮರುದಿನ ಬೆಳಿಗ್ಗೆ ರೇವಣಸಿದ್ಧ ನಿಲ್ದಾಣದ ಬಾಗಿಲು ತೆರೆದು ಹೊರಗಿಳಿದ. ಸೌರ ಫಲಕದ ಕೀಲೊಂದು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವುದು ಅವನ ಕೆಲಸ. ನಿಯಂತ್ರಣ ಕೊಠಡಿಯಲ್ಲಿ ಮುಖ್ಯಸ್ಥ ಕುಶಾಲಪ್ಪ ನಡುವಿನ ಮೇಜಿನಲ್ಲಿ ಕೂತಿದ್ದರು. ಅವನ ಜೊತೆ ಮಾತಾಡುವ ಹೊಣೆ ಡಾಕ್ಟರ್ ಸಬೀಹಾ ಅವರದು. ಮಹಾನಂದಾ ಅಂಗಿಯ ಮೇಜಿನಲ್ಲಿದ್ದಳು. ಹೊರಗಿದ್ದವರ ಜೊತೆ ನೆಂಟರು ಮಾತಾಡಬಾರದೆಂದು ನಿಯಮ. ಅವಳು ಕೇಳಬಹುದು, ನೋಡಬಹುದು, ಅಷ್ಟೇ.

ಕೀಲು ಹಟ ಹಿಡಿದಿತ್ತು. ರೇವಣಸಿದ್ಧ ಎರಡೂ ಕೈ ಹಾಕಿ ಜಗ್ಗಿದ, ನೂಕಿದ, ಮತ್ತೆ ಜಗ್ಗಿದ. ಅವನ ಏದುಸಿರು ಕೊಠಡಿಯ ತುಂಬ ಕೇಳುತ್ತಿತ್ತು. ಮೈಯ ಒಳಬಿಸಿಯನ್ನು ಅಳೆಯುವ ಸಣ್ಣ ಮಣಿಯೊಂದನ್ನು ಅವನ ಕಿವಿಯಲ್ಲಿ ಇಟ್ಟಿದ್ದರು. ಬೆವರಿಗೆ ಅದು ಜಾರಿ ಹೊರಬಂತು. ಮಹಾನಂದಾಳ ತೆರೆಯ ಮೇಲೆ ಒಂದು ಅಂಕಿ ಅಳಿಸಿಹೋಗಿ ಬರೀ ಗೆರೆ ಉಳಿಯಿತು. ಮಣಿ ಇದ್ದಿದ್ದರೆ ಬಿಸಿ ಮಿತಿ ಮೀರಿದಾಗ ಅಂಗಿ ಕಲಿತದ್ದನ್ನೆಲ್ಲ ಬದಿಗಿಟ್ಟು ಪೂರ್ತಿ ತಂಪು ಬಿಡುತ್ತಿತ್ತು. ಈಗ ಅದಕ್ಕೆ ತನ್ನ ನೆನಪೊಂದೇ ಆಧಾರ. ಹೆಲ್ಮೆಟ್ಟಿನೊಳಗೆ ತೇಲುತ್ತಿದ್ದ ಮಣಿಯನ್ನು ಹಿಡಿದುಕೊಳ್ಳಲು ಅವನಿಗೂ ಸಾಧ್ಯವಿರಲಿಲ್ಲ.

“ರೇವಣಸಿದ್ಧ, ಕೈ ಬಿಡಿ. ಸ್ವಲ್ಪ ವಿಶ್ರಾಂತಿ ತಗೊಳ್ಳಿ,” ಎಂದರು ಸಬೀಹಾ.

“ಆಯ್ತ್ರಿ ಡಾಕ್ಟ್ರೇ.”

ದುಡಿಮೆ ನಿಂತರೆ ಎದೆಬಡಿತ ಇಳಿಯಬೇಕು. ಇಳಿಯಲಿಲ್ಲ. ಮೈಗೆ ಮರಳುವ ನೀರು ತಂಪಾಗಬೇಕು. ಅದು ಬೆಚ್ಚಗಾಯಿತು. ಮಹಾನಂದಾ ಮುಂದಕ್ಕೆ ಬಗ್ಗಿ ನೋಡಿದಳು. ತಟ್ಟೆಯಲ್ಲಿ ತೊಂದರೆಯೋ, ಪಂಪು ನಿಧಾನವಾಯಿತೋ ಎಂದು ಒಂದೊಂದಾಗಿ ನೋಡಿದಳು. ಎಲ್ಲವೂ ಸರಿಯಾಗಿತ್ತು. ಅವನು ಮತ್ತೆ ಕೀಲಿಗೆ ಕೈ ಹಾಕಿದೊಡನೆ ನೀರು ತುಸು ತಂಪಾಯಿತು. ಸಬೀಹಾ ಮತ್ತೆ ನಿಲ್ಲಿಸಿದರು. ನೀರು ಮತ್ತೆ ಬಿಸಿಯಾಯಿತು, ಮೊದಲಿಗಿಂತ ಹೆಚ್ಚು.

ಅವಳು ಕುಶಾಲಪ್ಪನವರ ಕಡೆ ತಿರುಗಿದಳು. “ಸರ್, ಅವನಿಗೆ ವಿಶ್ರಾಂತಿ ತಗೋ ಅನ್ನಬೇಡಿ. ನಿಲ್ಲಿಸಿದಾಗಲೇ ಕೆಡ್ತಿದೆ.”

ಕುಶಾಲಪ್ಪ ಎದ್ದು ಬಂದರು. “ಕವಾಟ ಕೆಟ್ಟಿದೆಯೇನಮ್ಮ?”

“ಇಲ್ಲ ಸರ್. ಅದು ಹೇಳಿದ ಹಾಗೆ ಕೇಳ್ತಿದೆ. ಕೆಲಸ ನಿಂತ ಕೂಡಲೇ ತಂಪು ಕಮ್ಮಿ ಮಾಡು ಅಂತ ಯಾರೋ ಅದಕ್ಕೆ ಕಲಿಸಿದ್ದಾರೆ.”

ಹಾಗೆನ್ನುತ್ತಲೇ ಯಾರೆಂದು ಅವಳಿಗೆ ಹೊಳೆಯಿತು.

ತರಬೇತಿಯ ಬಿಸಿ ಕೋಣೆಯಲ್ಲಿ ಅವಳು ಗಾಜಿನಾಚೆ ನಿಂತು ಎಷ್ಟು ಸಲ ನೋಡಿದ್ದಳು! ರೇವಣಸಿದ್ಧ ಬೆವರು ಸುರಿಸಿ ದುಡಿದು ನಿಲ್ಲುವನು. ಕೂರುವ ಮೊದಲು ಅವನ ಕೈ ತಾನಾಗಿಯೇ ಎದೆಯ ನಾಬಿಗೆ ಹೋಗುವುದು, ತಂಪನ್ನು ಇಳಿಸುವುದು. ಕಾದ ಮೈಗೆ ಒಮ್ಮೆಲೇ ತಣ್ಣೀರು ಬೇಡ, ಮೈ ಆರಲಿ, ಆಮೇಲೆ. ಅಂಗಿ ಅದನ್ನು ಅವನ ಹಿತವೆಂದು ತಿಳಿದು ಕಲಿತುಬಿಟ್ಟಿತ್ತು. ಗಾಳಿಯಿರುವ ಭೂಮಿಯಲ್ಲಿ ಅದರಿಂದ ಕೇಡಾಗಲಿಲ್ಲ, ಬಾಗಿಲು ತೆರೆದರೆ ಮೈ ಆರುತ್ತಿತ್ತು. ಬೇರೆ ಸೀಮೆಯ ಎಂಜಿನಿಯರ್ ಯಾರಾದರೂ ಆಗಿದ್ದರೆ ಇವನೇಕೆ ಹೀಗೆ ಉಲ್ಟಾ ತಿರುಗಿಸುತ್ತಾನೆ ಎಂದು ಕೇಳುತ್ತಿದ್ದರು. ಮಹಾನಂದಾಳಿಗೆ ಅದು ವಿಚಿತ್ರವೆನಿಸಿರಲೇ ಇಲ್ಲ. ಅವಳ ಮನೆಯಲ್ಲಿ ಎಲ್ಲರೂ ಹಾಗೇ.

“ನಾಬ್ ತಿರುಗಿಸೋಕೆ ಹೇಳಿ ಡಾಕ್ಟ್ರೇ, ಪೂರ್ತಿ ತಂಪಿಗೆ. ಅವನ ಕೈ ಬಿದ್ದರೆ ಅಂಗಿ ಸುಮ್ಮನಾಗುತ್ತೆ.”

ಸಬೀಹಾ ಹೇಳಿದರು. ಉತ್ತರ ತಡವಾಗಿ ಬಂತು, ನಾಲಿಗೆ ದಪ್ಪವಾದವನ ದನಿಯಲ್ಲಿ.

“ಥಂಡಿ... ಥಂಡಿ ಹತ್ಲಕತ್ತದರಿ. ಈಗ ಬ್ಯಾಡ.”

ಸಬೀಹಾ ಕಣ್ಣಲ್ಲೇ ಕುಶಾಲಪ್ಪನವರಿಗೆ ವಿಷಯ ತಿಳಿಸಿದರು. ಬೆಂದುಹೋಗುತ್ತಿರುವ ಮೈಗೆ ಚಳಿಯೆನಿಸತೊಡಗಿದರೆ, ಮಾತು ತೊದಲಿದರೆ, ಬಿಸಿ ತಲೆಗೇರಿದೆ ಎಂದೇ ಅರ್ಥ. ಒಳಗಿದ್ದ ಜೊತೆಗಾರ ಅಂಗಿ ತೊಟ್ಟು ಹೊರಬರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಇವನು ಉಳಿಯುವುದಿಲ್ಲ. ಉಳಿಸಬಲ್ಲ ಕೈ ಇದ್ದದ್ದು ಒಂದೇ, ಅದೂ ಅವನದೇ. ಸಭೆಯಲ್ಲಿ ಮೇಜು ಗುದ್ದಿದ್ದು ಮಹಾನಂದಾಳಿಗೆ ನೆನಪಾಯಿತು.

“ನಿಯಮ ಆಮೇಲೆ ನೋಡೋಣ. ನೀವೇ ಮಾತಾಡಿ,” ಎಂದರು ಕುಶಾಲಪ್ಪ.

ಅವಳು ಮೈಕಿಗೆ ಬಾಗಿದಳು. “ರೇವೂ, ನಾ ನಂದಕ್ಕ. ನಾಬ್ ತಿರುವು ತಮ್ಮಾ. ಬಲಕ್ಕ, ಪೂರಾ ಬಲಕ್ಕ.”

“ನಂದಕ್ಕಾ... ಮೈ ಕಾದದ. ಸ್ವಲ್ಪ ಆರ್ಲಿ, ಆಮ್ಯಾಲ.”

“ಅಲ್ಲಿ ಆರಂಗಿಲ್ಲೋ! ಅಲ್ಲಿ ಗಾಳಿ ಇಲ್ಲ. ನಾ ಹೇಳ್ತೀನಿ, ತಿರುವು!”

“ಅವ್ವ ಬೈತಾಳ,” ಎಂದನವನು. ಮೂವತ್ತು ದಾಟಿದ ಗಂಡಸಿನ ದನಿಯಲ್ಲಿ ಮಾತಾಡುತ್ತಿದ್ದದ್ದು ಒಂದು ಸಣ್ಣ ಹುಡುಗ. ಅವನು ಕಲಿತ ವಿಜ್ಞಾನವೆಲ್ಲ ಆ ಬಿಸಿಗೆ ಆವಿಯಾಗಿ ಹೋಗಿ ಎಲ್ಲಕ್ಕಿಂತ ಮೊದಲು ಕಲಿತದ್ದಷ್ಟೇ ತಳದಲ್ಲಿ ಉಳಿದಿತ್ತು.

ಮಹಾನಂದಾ ಮೈಕ್ ಬಿಟ್ಟು ಫೋನ್ ಎತ್ತಿಕೊಂಡಳು. ಮನೆಯವರು ಕೇಳಲೆಂದು ಕ್ವಾರ್ಟರ್ಸಿನಲ್ಲಿ ಒಂದು ಸ್ಪೀಕರ್ ಇಟ್ಟಿದ್ದರು. ಚಂದಮ್ಮ ಬೆಳಗಿನಿಂದ ಅದರ ಮುಂದೆಯೇ ಕೂತಿದ್ದಳು. ಮೊದಲ ರಿಂಗಿಗೇ ಎತ್ತಿದಳು.

“ಯಾಕವಾ, ಹುಡುಗ ಹಂಗ್ಯಾಕ ಮಾತಾಡ್ಲಕತ್ತಾನ?”

“ಅವ್ವಾ, ಝಳ ಬಡದದ ಅವಗ. ಈಗಿಂದೀಗ ಥಂಡಿ ನೀರು ಬಿಟ್ಕೋಬೇಕು. ಯಾರು ಹೇಳಿದ್ರೂ ಕೇಳವಲ್ಲ. ನೀ ಹೇಳು.”

ಚಂದಮ್ಮ ಸಣ್ಣ ದನಿಯಲ್ಲಿ, “ನನ್ನ ಬಾಯಿಲೇ ಹೇಳಸ್ತೀಯಾ? ನಿಮ್ಮಪ್ಪಗ ನಾನೇ ಹಾಕಿದ್ದೆ. ಒಮ್ಮಿ ಮಾಡೀನಿ. ಮತ್ತ ಮಗನಿಗಿ ಮಾಡಂಗಿಲ್ಲ. ಬ್ಯಾಡ ನಂದಾ, ಬ್ಯಾಡ,” ಎಂದಳು.

ತೆರೆಯ ಮೇಲೆ ಎದೆಬಡಿತದ ಗೆರೆ ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ನಿಂತಿತ್ತು. ಸಬೀಹಾ ಹಣೆಗೆ ಕೈ ಹಚ್ಚಿದ್ದರು. ಇಷ್ಟು ವರ್ಷ ಬಾಯೊಳಗೇ ಇಟ್ಟುಕೊಂಡದ್ದನ್ನು ಉಗುಳದೆ ಬೇರೆ ದಾರಿಯಿರಲಿಲ್ಲ. ಎಷ್ಟು ಹೆದರಿಕೆಯಾಯಿತೆಂದರೆ ಮಹಾನಂದಾ ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಅವ್ವಾ, ಅಪ್ಪ ನೀರಿನಿಂದ ಸತ್ತಿಲ್ಲ. ಝಳದಿಂದ ಸತ್ತ. ನೀ ಹಾಕಿದ್ದೇ ಬರೋಬ್ಬರಿ ಇತ್ತು. ಓಣಿ ಮಂದಿ ನಿನ್ನ ಕೈ ಹಿಡದಿದ್ದು ತಪ್ಪು, ಕೌದಿ ಹೊಚ್ಚಿದ್ದು ತಪ್ಪು.”

ಫೋನ್ ಕಡಿದುಹೋಯಿತೇನೋ ಎಂದುಕೊಂಡಳು. ಕುಶಾಲಪ್ಪ ಹಿಂದೆ ನಿಂತು ಏನೋ ಕೇಳಿದರು. ಅವಳಿಗೆ ಕೇಳಿಸಲಿಲ್ಲ.

“ಹಚ್ಚು,” ಎಂದಳು ಚಂದಮ್ಮ ಕೊನೆಗೆ. “ಅವನಿಗಿ ಫೋನ್ ಹಚ್ಚು.”

ಫೋನನ್ನು ರೇಡಿಯೊ ಸಾಲಿಗೆ ಜೋಡಿಸಿದರು.

“ರೇವ್ಯಾ!”

“...ಅವ್ವಾ?”

“ಎದಿ ಮ್ಯಾಲ ಕೈ ಇಡು. ಅಲ್ಲೊಂದು ನಳ ಅದ ಅಂತಲ್ಲ, ಹಿಡಿ. ಹಿಡದಿ?”

“ಹಿಡದೀನಿ. ಮೈ ಕಾದದ ಅವ್ವಾ.”

“ಕಾದದ ಅಂತೇ ಹಾಕ್ಕೋ ಅಂತೀನಿ. ತಿರುವು. ನಾ ಹೇಳ್ಲಕತ್ತೀನಿ, ನಿಮ್ಮವ್ವ. ನೀರು ಹಾಕ್ಕೋ.”

ಬಹಳ ಹೊತ್ತು ಏನೂ ಆಗಲಿಲ್ಲ. ಬಹಳ ಹೊತ್ತೆಂದರೆ ಅವರಿಗೆ ಹಾಗೆನಿಸಿತು. ತೆರೆಯ ಮೇಲೆ ನಾಬಿನ ಗುರುತು ನಡುವೆ ಅಲ್ಲಾಡಿತು, ನಿಂತಿತು. “ತಿರುವೋ ಕತ್ತೆ!” ಎಂದು ಚಂದಮ್ಮ ಗದರಿದಳು. ಗುರುತು ಬಲಕ್ಕೆ ಸರಿದು ಕೊನೆಗೆ ಹೋಗಿ ಮುಟ್ಟಿತು.

ಕವಾಟ ತೆರೆದುಕೊಂಡಿತು. ತಣ್ಣನೆಯ ನೀರು ಕೊಳವೆಗಳಲ್ಲಿ ನುಗ್ಗಿತು. ರೇವಣಸಿದ್ಧನ ಹಲ್ಲು ಕಟಕಟ ಕಡಿಯುವುದು, ಅವನು ನರಳುವುದು ಸ್ಪೀಕರಿನಲ್ಲಿ ಕೇಳಿಸಿತು. ನಡುಗುತ್ತಿದ್ದ ಮಗನ ಆ ದನಿ ಚಂದಮ್ಮನಿಗೂ ಕೇಳುತ್ತಿತ್ತು. ಆ ನಡುಕದ ದನಿ ಅವಳಿಗೆ ಹೊಸದಲ್ಲ ಎಂದು ಮಹಾನಂದಾಳಿಗೆ ಗೊತ್ತಿತ್ತು. ಆದರೆ ಅವಳು ಈ ಸಲ ನಿಲ್ಲಿಸಲಿಲ್ಲ. “ಇರ್ಲಿ, ಇರ್ಲಿ. ಹರೀಲಿ. ಕೈ ತಗೀಬ್ಯಾಡ,” ಎನ್ನುತ್ತಲೇ ಇದ್ದಳು.

ಒತ್ತೊತ್ತಾಗಿದ್ದ ಗೆರೆಗಳು ನಿಧಾನಕ್ಕೆ ದೂರ ದೂರ ಸರಿದವು. ಸಬೀಹಾ ಅವನ ಹೆಸರು ಕೇಳಿದರು, ಹೇಳಿದ. ಎಲ್ಲಿದ್ದೀರಿ ಎಂದು ಕೇಳಿದರು. “ಹೊರಗಿದ್ದೀನ್ರಿ, ಒಳಗ ಹೋಗ್ಬೇಕು,” ಎಂದ. ಕೊಠಡಿಯಲ್ಲಿ ಯಾರೋ ಬಿಕ್ಕಿದರು. ಅವನು ಕಂಬಿ ಹಿಡಿದು ಬಾಗಿಲು ಸೇರಿ, ಜೊತೆಗಾರ ಅವನ ಹೆಲ್ಮೆಟ್ ತೆಗೆಯುವ ತನಕ ಯಾರೂ ಕುರ್ಚಿ ಬಿಟ್ಟೇಳಲಿಲ್ಲ.

ಚಪ್ಪಾಳೆಯ ನಡುವೆಯೇ ಮಹಾನಂದಾ ಮತ್ತೆ ತನ್ನ ತೆರೆಯ ಕಡೆ ತಿರುಗಿದಳು. ನಿಲ್ದಾಣದಲ್ಲಿ ಇನ್ನೂ ಎರಡು ಅಂಗಿಗಳಿದ್ದವು. ಒಂದು ಕಲಿತದ್ದನ್ನು ಉಳಿದವಕ್ಕೂ ಹಂಚಿದ್ದರು, ಹೊಸಬರಿಗೆ ಅನುಕೂಲವಾಗಲೆಂದು. ಆ ವಾರವೇ ಇನ್ನೊಬ್ಬರು ಹೊರಗಿಳಿಯುವವರಿದ್ದರು. ಕುಶಾಲಪ್ಪ ಪಕ್ಕದಲ್ಲಿ ನಿಂತಿದ್ದಂತೆ ಅವಳು ಯಾರೂ ತೊಟ್ಟಿರದ ಆ ಎರಡೂ ಅಂಗಿಗಳ ಕಲಿಕೆಯನ್ನು ಭೂಮಿಯಿಂದಲೇ ಅಳಿಸಿಹಾಕಿದಳು.

ಸಂಜೆ ಮನೆಗೆ ಹೋಗಲು ಅವಳಿಗೆ ಕಾಲೇ ಏಳಲಿಲ್ಲ. ತಮ್ಮ ಉಳಿದಿದ್ದ. ಈಗ ಅವ್ವನ ಮುಖ ನೋಡಬೇಕಿತ್ತು.

ಚಂದಮ್ಮ ಸ್ಪೀಕರಿನ ಮುಂದೆ ಅದೇ ಕುರ್ಚಿಯಲ್ಲಿದ್ದಳು. ಒಲೆ ಹಚ್ಚಿರಲಿಲ್ಲ. ಮಗಳು ಬಂದದ್ದನ್ನು ನೋಡಿ ಕೂರು ಎನ್ನಲಿಲ್ಲ, ಬೆಲ್ಲವನ್ನೂ ಕೊಡಲಿಲ್ಲ.

“ಮಲಗ್ಯಾನೇನು?”

“ಮಲಗ್ಯಾನ ಅವ್ವಾ. ಆರಾಮ ಆಗ್ತಾನ. ಡಾಕ್ಟ್ರು ಬಾಜೂಕೇ ಇದ್ದಂಗ ನೋಡ್ಲಕತ್ತಾರ.”

ಚಂದಮ್ಮ ತಲೆಯಾಡಿಸಿದಳು. “ಎರಡನೇ ಕೊಡ ಎತ್ತಿದ್ದೆ ನಾ. ಕೈ ಕೊಸರ್ಕೊಂಡು ಹಾಕಿದ್ರ, ಇನ್ನ ನಾಕು ಕೊಡ ಹಾಕಿದ್ರ, ನಿಮ್ಮಪ್ಪ ಉಳೀತಿದ್ನೇನು?” ಎಂದು ಕೇಳಿದಳು.

ಮೈಯ ತೂಕ, ಬಿಸಿ, ನೀರು ಎಲ್ಲವನ್ನೂ ಇಟ್ಟು ಲೆಕ್ಕ ಮಾಡುವುದೇ ಮಹಾನಂದಾಳ ಕಸುಬು. ಆ ಲೆಕ್ಕವನ್ನು ಅವಳು ಓದುವ ಕಾಲದಲ್ಲೇ ಮಾಡಿದ್ದಳು. “ಅಷ್ಟು ಖಾತ್ರಿ ಹೇಳ್ಲಕ್ಕ ಬರಂಗಿಲ್ಲ ಅವ್ವಾ...”

“ಸುಳ್ಳು ಹೇಳಬ್ಯಾಡ. ಇವತ್ತು ಖರೆ ಹೇಳಿದ್ದಕ್ಕೇ ಅವ ಉಳದಾನ.”

ಮಹಾನಂದಾ ಅವ್ವನ ಕಾಲ ಬಳಿ ಕೂತಳು. “ಉಳೀತಿದ್ದ,” ಎಂದಳು.

ಅವ್ವ ಗೋಳಾಡುತ್ತಾಳೆ, ಕುಸಿಯುತ್ತಾಳೆ ಎಂದು ಅವಳು ಅಂಜಿದ್ದಳು. ಚಂದಮ್ಮ ಅಳಲಿಲ್ಲ. ಆದರೆ ಅವಳ ಮುಖದಲ್ಲಿ ಬೇರೊಂದು ಗಾಬರಿ ಏರತೊಡಗಿತು. ತುಟಿ ಅಲ್ಲಾಡುತ್ತಿತ್ತು. ಒಂದೊಂದೇ ಮನೆಯನ್ನು, ಒಂದೊಂದೇ ಹೆಸರನ್ನು ನೆನಪಿಸಿಕೊಳ್ಳುತ್ತಿದ್ದಂತಿತ್ತು.

“ಓಣಿಗೆಲ್ಲಾ ನಾನೇ ಹೇಳ್ಕೋಂತ ಬಂದೀನಿ ನಂದಾ,” ಎಂದಳು. “ಗಂಡನ್ನ ಕಳಕೊಂಡಾಕಿ ಹೇಳ್ತಾಳ ಅಂತ ಎಲ್ಲಾರೂ ನಂಬ್ಯಾರ. ಮದಿವಿ ಆಗಿ ಬಂದ ಸೊಸಿಗೋಳಿಗೂ ಕುಂದರ್ಸಿ ಹೇಳೀನಿ. ಇದು ಮೇ ತಿಂಗಳ. ಖಣಿ ಚಾಲೂ ಅದಾವ. ಇವತ್ತೂ ಮಂದಿ ಬಿಸಲಾಗಿಂದ ಮನಿಗಿ ಬಂದಿರ್ತಾರ.”

ಮಹಾನಂದಾ ಫೋನ್ ತೆಗೆದು ಹೊತ್ತು ನೋಡಿದಳು.

“ಫೋನ್ ಕೊಡು,” ಎಂದಳು ಚಂದಮ್ಮ. ಊರಿನ ಓಣಿಯ ನಂಬರೊಂದನ್ನು ಹುಡುಕಿ ಒತ್ತಿದಳು. ಆ ಕಡೆ ಯಾವುದೋ ಹೆಣ್ಣುಮಗಳು ಎತ್ತಿದಳು. ಚಂದಮ್ಮ ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

“ಯವ್ವಾ, ನಿನ್ನ ಗಂಡ ಖಣಿಯಿಂದ ಬಂದಾನೇನು?” ಎಂದಳು. “ಬಂದು ಮಲಗ್ಯಾನ? ಮೈ ಮುಟ್ಟಿ ನೋಡು. ಕಾದದೇನು? ಏಳು, ಮದಲ ಏಳು, ಕೊಡ ತಗೋ.”